ಬೇಸ್ ಗಿಟಾರ್ ಕಲಿಯಲು ಮೇಷ್ಟ್ರು ಬೇಕಾ? ಬೇಕಾದರೆ ಎಂಥವರು?

ಬೇಸ್ ಗಿಟಾರ್ ಕೈಗೆ ಬಂದು ಮೂರ್ನಾಲ್ಕು ತಿಂಗಳಾಗಿರುತ್ತದೆ. ಹತ್ತು ಹಾಡು ಹೇಗೋ ನುಡಿಸಲು ಬರುತ್ತದೆ. ಆಗ ಶುರುವಾಗುತ್ತದೆ ಗೊಂದಲ. ಕ್ಲಾಸಿಗೆ ಸೇರಬೇಕಾ, ಹೀಗೇ ವಿಡಿಯೊ ನೋಡಿಕೊಂಡು ಹೋದರೆ ಸಾಕಾ? ಸೇರುವುದಾದರೆ ಆನ್‌ಲೈನಾ, ಎದುರಿಗೆ ಕೂತಾ? ಪರಿಚಯದ ಗಿಟಾರ್ ಮೇಷ್ಟ್ರು ‘ಬೇಸೂ ಹೇಳಿಕೊಡ್ತೀನಿ ಬನ್ನಿ’ ಅಂತಿದ್ದಾರೆ, ಅವರಾದರೆ ಆಗುತ್ತಾ? ಈ ಪ್ರಶ್ನೆಗಳು ನನ್ನ ಹತ್ತಿರ ಎಷ್ಟೋ ಸಲ ಬಂದಿವೆ. ಪ್ರತಿ ಸಲವೂ ಅರ್ಧಂಬರ್ಧ ಉತ್ತರ ಕೊಟ್ಟಿದ್ದೇನೆ. ಈ ಸಲ ಕೂತು ಪೂರ್ತಿ ಬರೆಯುತ್ತೇನೆ.

ಮೊದಲು ನನ್ನದೇ ಕಥೆ. ಮೂರು ವರ್ಷ ನಾನು ಯಾರ ಹತ್ತಿರವೂ ಕಲಿಯಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಹಾಡಿನ ಜೊತೆ ನುಡಿಸುತ್ತಿದ್ದೆ. ಚೆನ್ನಾಗೇ ನುಡಿಸುತ್ತೇನೆ ಅಂತ ನಂಬಿಕೊಂಡೂ ಇದ್ದೆ. ಆಮೇಲೆ ಒಬ್ಬ ಮೇಷ್ಟ್ರ ಹತ್ತಿರ ಹೋದೆ. ಅವರು ಹಾಡು ಕೇಳಲಿಲ್ಲ, ಸ್ಕೇಲ್ ಕೇಳಲಿಲ್ಲ. ‘ಜಿ ತಂತಿ, ಎರಡನೇ ಫ್ರೆಟ್. ಒಂದು ಸ್ವರ ನುಡಿಸಿ, ನಿಲ್ಲಿಸಿ’ ಅಂದರು. ನುಡಿಸಿದೆ, ನಿಲ್ಲಿಸಿದೆ. ‘ನಿಂತಿತಾ?’ ಅಂತ ಕೇಳಿದರು. ನಿಂತಿತು ಅಂದೆ. ಅವರು ಸುಮ್ನೆ ಕಿವಿಯ ಕಡೆ ಬೆರಳು ತೋರಿಸಿದರು. ಆಂಪ್‌ನಿಂದ ಇನ್ನೂ ಸಣ್ಣಗೆ ‘ಊಂ’ ಅನ್ನುವ ಸದ್ದು ಬರುತ್ತಿತ್ತು. ಜಿ ತಂತಿ ನಿಂತಿತ್ತು, ಎ ತಂತಿ ಗುನುಗುತ್ತಿತ್ತು. ನಾನು ಅದನ್ನು ಮುಟ್ಟಿರಲೇ ಇಲ್ಲ.

ಕಾರಣ ಸರಳ. (ಫ್ರೆಟ್ ಅಂದರೆ ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿ, ಅದರ ಹಿಂದೆ ಬೆರಳು ಒತ್ತುವ ಮನೆಯೂ ಹೌದು.) ಜಿ ತಂತಿಯ ಎರಡನೇ ಫ್ರೆಟ್‌ನಲ್ಲಿ ಬರುವುದು ಎ ಸ್ವರ, 110 ಹರ್ಟ್ಸ್. ಬಿಟ್ಟ ಎ ತಂತಿ ಅದೇ ಸ್ವರದ ಒಂದು ಸ್ಥಾಯಿ ಕೆಳಗಿನದು, 55 ಹರ್ಟ್ಸ್. ಒಂದು ಅಲುಗಿದರೆ ಇನ್ನೊಂದು ತಾನಾಗಿ ಅಲುಗುತ್ತದೆ. ನಾನು ಹೆಬ್ಬೆರಳನ್ನು ಯಾವಾಗಲೂ ಪಿಕಪ್ (ತಂತಿಯ ಅಲುಗಾಟವನ್ನು ಹಿಡಿಯುವ ಭಾಗ) ಮೇಲೆ ಊರಿಕೊಂಡು ನುಡಿಸುತ್ತಿದ್ದೆ. ತೆಳು ತಂತಿಗಳಿಗೆ ಹೋದಾಗ ದಪ್ಪ ತಂತಿಗಳನ್ನು ಹಿಡಿದು ಸುಮ್ಮನಿರಿಸುವವರೇ ಇರಲಿಲ್ಲ. ಹೆಬ್ಬೆರಳನ್ನು ಪಿಕಪ್‌ನಿಂದ ಎತ್ತಿ ಇ ಮತ್ತು ಎ ತಂತಿಗಳ ಮೇಲೆ ಒರಗಿಸಿ ಅಂದರು. ಸದ್ದು ನಿಂತಿತು. ಹೇಳಿಕೊಟ್ಟಿದ್ದು ಎರಡು ನಿಮಿಷ. ಕೈಗೆ ಕೂರಲು ನಾಲ್ಕು ತಿಂಗಳು ಬೇಕಾಯಿತು, ಯಾಕೆಂದರೆ ಮೂರು ವರ್ಷದ ಚಾಳಿ ಬಿಡಿಸಬೇಕಿತ್ತಲ್ಲ.

ಈ ಮ್ಯೂಟಿಂಗ್ ಬಗ್ಗೆ ನಾನು ಹತ್ತಾರು ವಿಡಿಯೊ ನೋಡಿದ್ದೆ. ನೋಡಿ ‘ಇದು ನನಗೆ ಬರುತ್ತೆ’ ಅಂದುಕೊಂಡು ಮುಂದೆ ಹೋಗಿದ್ದೆ. ಮಾಹಿತಿ ಇವತ್ತು ಪುಕ್ಕಟೆ ಸಿಗುತ್ತದೆ. ನಾವು ದುಡ್ಡು ಕೊಡುವುದು ಇನ್ನೊಂದು ಜೊತೆ ಕಿವಿಗೆ. ಆ ಕಿವಿ ನಿಮಗೆ ಈಗ ಬೇಕಾ, ಎಷ್ಟು ದಿನಕ್ಕೊಮ್ಮೆ ಬೇಕು, ಯಾರದ್ದು ಬೇಕು ಅನ್ನುವುದೇ ತೀರ್ಮಾನ ಮಾಡಬೇಕಾದ ವಿಷಯ.

ಮೊದಲು ನಿಮ್ಮನ್ನೇ ಅಳೆದುಕೊಳ್ಳಿ

ಬೇರೆ ಎಲ್ಲಕ್ಕಿಂತ ಮೊದಲು ಒಂದು ಪರೀಕ್ಷೆ ಮಾಡಿ. ಮೆಟ್ರೊನೋಮ್ (ಒಂದೇ ಲಯದಲ್ಲಿ ಕ್ಲಿಕ್ ಸದ್ದು ಕೊಡುವ ಸಾಧನ) ಹಾಕಿಕೊಂಡು, ನಿಮಗೆ ಚೆನ್ನಾಗಿ ಬರುವ ಒಂದು ಸಾಲನ್ನು ಎರಡು ನಿಮಿಷ ನುಡಿಸಿ ರೆಕಾರ್ಡ್ ಮಾಡಿ. ಹಾಡಿನ ಜೊತೆ ಬೇಡ, ಹಾಡು ಎಲ್ಲ ತಪ್ಪನ್ನೂ ಮುಚ್ಚಿಹಾಕುತ್ತದೆ. ಅದನ್ನು ಮಾರನೇ ದಿನ ಕೇಳಿ. ಹೆಡ್‌ಫೋನ್‌ನಲ್ಲೇ ಕೇಳಿ. ಬಿಟ್ಟ ಇ ತಂತಿಯ ಸ್ವರ 41 ಹರ್ಟ್ಸ್ ಸುತ್ತ ಇರುತ್ತದೆ. ಅಷ್ಟು ಕೆಳಗಿನ ಸದ್ದನ್ನು ಫೋನಿನ ಪುಟ್ಟ ಸ್ಪೀಕರ್ ಕೊಡುವುದೇ ಇಲ್ಲ.

ಕೇಳುವಾಗ ಮೂರು ವಿಷಯ ಗಮನಿಸಿ. ಸ್ವರ ಕ್ಲಿಕ್ ಮೇಲೆ ಬೀಳುತ್ತಿದೆಯಾ, ಮುಂದೆ ಓಡುತ್ತಿದೆಯಾ? ಎಲ್ಲ ಸ್ವರಗಳ ಜೋರು ಒಂದೇ ಸಮ ಇದೆಯಾ? ಸ್ವರ ಮುಗಿಯಬೇಕಾದಲ್ಲಿ ಮುಗಿಯುತ್ತಿದೆಯಾ, ಇಲ್ಲ ಎಳೆದಾಡುತ್ತಿದೆಯಾ? ತಪ್ಪುಗಳು ಕೇಳಿಸಿ, ಅವನ್ನು ತಿದ್ದುವ ದಾರಿಯೂ ಗೊತ್ತಿದ್ದರೆ ಸದ್ಯಕ್ಕೆ ನಿಮಗೆ ಮೇಷ್ಟ್ರು ಬೇಕಿಲ್ಲ. ‘ಏನೋ ಸರಿಯಿಲ್ಲ, ಏನು ಅಂತ ಗೊತ್ತಾಗ್ತಿಲ್ಲ’ ಅನ್ನಿಸಿದರೆ ಬೇಕು. ಎಲ್ಲವೂ ಸೊಗಸಾಗಿದೆ ಅನ್ನಿಸಿದರೆ? ಅಂಥವರಿಗೆ ಖಂಡಿತ ಬೇಕು. ಮೂರು ವರ್ಷ ನಾನೂ ಅದೇ ಸಾಲಿನಲ್ಲಿದ್ದೆ.

ಎರಡನೆಯದು, ಯಾಕೆ ಕಲಿಯುತ್ತಿದ್ದೀರಿ ಅನ್ನುವುದು. ಸಂಜೆ ಹೊತ್ತು ಮನಸ್ಸಿಗೆ ಖುಷಿಯಾಗಲಿ ಅಂತ ಇಷ್ಟದ ಹಾಡು ನುಡಿಸುವವರು, ಗೆಳೆಯರ ಬ್ಯಾಂಡಿಗೆ ಸೇರಬೇಕೆನ್ನುವವರು, ಸ್ಟೇಜ್ ಅಥವಾ ಸ್ಟುಡಿಯೊ ಕೆಲಸದ ಕಡೆ ಕಣ್ಣಿಟ್ಟವರು, ಇವರ ದಾರಿ ಒಂದೇ ಅಲ್ಲ. ಮೊದಲನೆಯವರಿಗೆ ಸಂಗೀತ ಬರಹ ಓದಲು ಬರದಿದ್ದರೂ ನಡೆಯುತ್ತದೆ. ಕೊನೆಯವರಿಗೆ ಬೇಸ್ ಕ್ಲೆಫ್ (ತಗ್ಗು ಸ್ವರಗಳ ಸಂಗೀತ ಬರಹ) ಓದುವುದು, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರು ನೋಡಿದ ತಕ್ಷಣ ನುಡಿಸುವುದು ಎಲ್ಲ ಬೇಕು. ಇವನ್ನು ಒಬ್ಬರೇ ಕಲಿಯಬಹುದು, ಆದರೆ ಜನ ಕಲಿಯುವುದಿಲ್ಲ. ಬೇಜಾರಿನ ಕೆಲಸ ಮಾಡಿಸಲು ಒಬ್ಬರು ಹಿಂದೆ ಬೀಳಬೇಕು.

ಮೂರನೆಯದು ಸಮಯ. ಪಾಠದ ಸಮಯವಲ್ಲ, ಪಾಠಗಳ ನಡುವಿನ ಸಮಯ. ದಿನಕ್ಕೆ 20 ನಿಮಿಷ ಸಿಗದವರು ವಾರದ ಪಾಠಕ್ಕೆ ಸೇರಬೇಡಿ. ಹೋದ ವಾರದ ಪಾಠವನ್ನೇ ಮೇಷ್ಟ್ರ ಮುಂದೆ ಅಭ್ಯಾಸ ಮಾಡಿ ಅದಕ್ಕೆ ದುಡ್ಡು ಕೊಟ್ಟು ಬಂದಂತಾಗುತ್ತದೆ. ಭಾನುವಾರ ಮೂರು ಗಂಟೆ ಕೂರುತ್ತೇನೆ ಅನ್ನುವ ಲೆಕ್ಕವೂ ನಡೆಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ದಿನಾ ಕೊಟ್ಟಿದ್ದನ್ನೇ ಬೆರಳು ನೆನಪಿಟ್ಟುಕೊಳ್ಳುವುದು.

ಹಣದ ವಿಷಯದಲ್ಲಿ ಒಂದು ಪಾಠಕ್ಕೆ ಎಷ್ಟು ಅಂತ ನೋಡಬೇಡಿ, ಆರು ತಿಂಗಳ ಒಟ್ಟು ಖರ್ಚು ನೋಡಿ. ಬೇಸ್ ಜೊತೆ ಆಂಪ್ ಅಥವಾ ಹೆಡ್‌ಫೋನ್ ಆಂಪ್, ಟ್ಯೂನರ್, ಅಗಲವಾದ ಸ್ಟ್ರ್ಯಾಪ್ ಬೇಕು. ಜೊತೆಗೆ ಒಮ್ಮೆ ರಿಪೇರಿಯವರ ಹತ್ತಿರ ಸೆಟಪ್, ಅಂದರೆ ತಂತಿಯ ಎತ್ತರ ಮುಂತಾದವನ್ನು ಹೊಂದಿಸುವ ಕೆಲಸ, ಮಾಡಿಸಬೇಕು. ಈ ಸೆಟಪ್ ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತಂತಿ ಫ್ರೆಟ್‌ನಿಂದ ತೀರಾ ಎತ್ತರದಲ್ಲಿದ್ದರೆ ಒತ್ತಿ ಒತ್ತಿ ಕೈ ಸೋಲುತ್ತದೆ. ಆಮೇಲೆ ‘ನನ್ನ ಬೆರಳಿಗೆ ಶಕ್ತಿ ಇಲ್ಲ’ ಅಂತ ಕೊರಗುತ್ತಾರೆ. ಪಾಠಕ್ಕಿಂತ ಮೊದಲು ಆ ಖರ್ಚು ಮಾಡಿ. ಆದರೆ ಕೈಯಲ್ಲಿರುವ ಹಣಕ್ಕೆ ಹೊಸ ಎಫೆಕ್ಟ್ ಪೆಡಲ್ ಅಥವಾ ನಾಲ್ಕು ಪಾಠ, ಎರಡರಲ್ಲಿ ಒಂದು ಅನ್ನುವಂತಿದ್ದರೆ ಕಣ್ಣುಮುಚ್ಚಿ ಪಾಠ ತೆಗೆದುಕೊಳ್ಳಿ.

ಕೊನೆಯದು ಮೈ. ಸಾಮಾನ್ಯ ಬೇಸ್‌ನ ಸ್ಕೇಲ್ ಉದ್ದ (ತಂತಿಯ ಅಲುಗುವ ಭಾಗದ ಉದ್ದ) 34 ಇಂಚು, ಭಾರ ನಾಲ್ಕು ಕಿಲೊ ಆಸುಪಾಸು. ಮಣಿಕಟ್ಟು ತೀರಾ ಬಾಗಿದರೆ, ಭುಜ ಒಂದು ಕಡೆಗೆ ಎಳೆದರೆ, ನುಡಿಸಿ ಮುಗಿದ ಮೇಲೂ ಬೆರಳು ಜೋಮು ಹಿಡಿದಂತೆ ಇದ್ದರೆ ಮೇಲಿನ ಲೆಕ್ಕ ಯಾವುದೂ ಬೇಡ. ಕೂಡಲೇ ಎದುರಿಗೆ ಕೂತು ನೋಡುವ ಒಬ್ಬರಿಗೆ ತೋರಿಸಿ. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ನೋವು ತಡೆದುಕೊಂಡು ನುಡಿಸುವುದರಲ್ಲಿ ಸಾಧನೆ ಏನೂ ಇಲ್ಲ.

ಒಬ್ಬರೇ ಕಲಿಯುವುದು

ಇದರ ಪರ ವಾದಿಸುವವರು ಯಾವಾಗಲೂ ದೊಡ್ಡ ಹೆಸರು ತರುತ್ತಾರೆ. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಯಾರ ಹತ್ತಿರ ಕ್ಲಾಸಿಗೆ ಹೋಗಿದ್ದರು? ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ಕೊಟ್ಟ ಜೇಮ್ಸ್ ಜೇಮರ್ಸನ್ ತೋರುಬೆರಳು ಒಂದರಲ್ಲೇ ನುಡಿಸುತ್ತಿದ್ದರಲ್ಲ, ಯಾವ ಮೇಷ್ಟ್ರು ಅದನ್ನು ಹೇಳಿಕೊಡುತ್ತಾರೆ? ಮಾತು ನಿಜ. ಆದರೆ ಕಥೆಯ ಇನ್ನರ್ಧವನ್ನು ಬಿಡಬಾರದು. ಜೇಮರ್ಸನ್ ಶಾಲೆಯಲ್ಲಿದ್ದಾಗ ಡಬಲ್ ಬೇಸ್ ಕಲಿತವರು. ಆಮೇಲೆ ಸ್ಟುಡಿಯೊದಲ್ಲಿ ದಿನಾ ಒಳ್ಳೊಳ್ಳೆ ಡ್ರಮ್ಮರ್‌ಗಳ ಜೊತೆ ನುಡಿಸಿದವರು. ಅಮೆರಿಕದ ಬೇಸ್ ವಾದಕ ವಿಕ್ಟರ್ ವೂಟನ್‌ಗೆ ಮನೆಯಲ್ಲೇ ನಾಲ್ವರು ಅಣ್ಣಂದಿರು, ಎಲ್ಲರೂ ಸಂಗೀತದವರು. ಮೆಕಾರ್ಟ್ನಿ 1961ರಲ್ಲಿ ಬೇಸ್ ಹಿಡಿದಾಗ ಬ್ಯಾಂಡ್ ರಾತ್ರಿಯಿಡೀ ಕ್ಲಬ್ಬುಗಳಲ್ಲಿ ನುಡಿಸುತ್ತಿತ್ತು. ತಪ್ಪು ನುಡಿಸಿದರೆ ತಿರುಗಿ ನೋಡುವವರು ಇವರಿಗೆಲ್ಲ ಪಕ್ಕದಲ್ಲೇ ಇದ್ದರು. ಕೋಣೆಯ ಬಾಗಿಲು ಹಾಕಿಕೊಂಡು ನುಡಿಸುವ ನಮಗೆ ಅವರು ಇಲ್ಲ, ಅಲ್ವಾ?

ಹಾಗಂತ ಒಬ್ಬರೇ ಕಲಿಯುವುದು ತಪ್ಪಲ್ಲ. ಶುರುವಿಗೆ ಬೇಸ್ ಬಹಳ ಉದಾರಿ. ಕಾರ್ಡ್‌ನ ಮೂಲ ಸ್ವರ ಹಿಡಿದು ಮೀಟುತ್ತಾ ಹೋದರೆ ಮೊದಲ ವಾರದಲ್ಲೇ ಒಂದು ಹಾಡು ಮುಗಿಯುತ್ತದೆ. ಪಿಟೀಲು ಹಿಡಿದವರಿಗೆ ಈ ಭಾಗ್ಯ ಇಲ್ಲ. ತೊಂದರೆಯೂ ಅಲ್ಲೇ ಇದೆ. ಬೇಗ ಏನೋ ಬಂದುಬಿಡುವುದರಿಂದ ಅಲ್ಲೇ ಕೂತುಬಿಡುತ್ತೇವೆ. ಟ್ಯಾಬ್ ನೋಡಿ ನಲವತ್ತು ಹಾಡು ಕಲಿತವರಿಗೆ ‘ಸಿ ಮೇಜರ್, ಆಮೇಲೆ ಎ ಮೈನರ್, ನಡೀರಿ’ ಅಂದರೆ ಕೈ ನಿಂತುಬಿಡುತ್ತದೆ. ಟ್ಯಾಬ್ ಎಲ್ಲಿ ಒತ್ತಬೇಕು ಅಂತ ಹೇಳುತ್ತದೆ. ಅದು ಯಾವ ಸ್ವರ, ಯಾಕೆ ಆ ಸ್ವರ ಅಂತ ಹೇಳುವುದಿಲ್ಲ.

ಹಣ ಕಡಿಮೆ, ಶಿಸ್ತು ಜಾಸ್ತಿ ಇರುವವರಿಗೆ ಈ ದಾರಿ ಒಗ್ಗುತ್ತದೆ. ಎರಡು ಷರತ್ತು ಹಾಕಿಕೊಳ್ಳಿ. ತಿಂಗಳಿಗೊಮ್ಮೆ ಮೇಲಿನ ರೆಕಾರ್ಡಿಂಗ್ ಪರೀಕ್ಷೆ ಮಾಡಿ. ಆರು ತಿಂಗಳೊಳಗೆ ಒಬ್ಬ ಡ್ರಮ್ಮರ್ ಜೊತೆ ಒಮ್ಮೆಯಾದರೂ ನುಡಿಸಿ. ಚೆನ್ನಾಗಿ ಬರದಿದ್ದರೂ ಸರಿ. ಆ ಒಂದು ಗಂಟೆ ಹತ್ತು ವಿಡಿಯೊಗಿಂತ ಹೆಚ್ಚು ಹೇಳಿಕೊಡುತ್ತದೆ.

ರೆಕಾರ್ಡ್ ಮಾಡಿದ ಕೋರ್ಸ್

ಪುಕ್ಕಟೆ ವಿಡಿಯೊಗಳಿಗೂ ದುಡ್ಡಿನ ಕೋರ್ಸಿಗೂ ಇರುವ ಮುಖ್ಯ ವ್ಯತ್ಯಾಸ ಕ್ರಮ. ಇವತ್ತು ಇದು, ನಾಳೆ ಇದು ಅಂತ ಯಾರೋ ಯೋಚಿಸಿ ಜೋಡಿಸಿರುತ್ತಾರೆ. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಹೊಡೆದು ನುಡಿಸುವುದು) ನೋಡಿ, ಅರ್ಧಕ್ಕೆ ಬಿಟ್ಟು, ಜಾಜ್‌ಗೆ ಹಾರಿ, ಅಲ್ಲಿಂದ ಪೆಡಲ್ ವಿಮರ್ಶೆಗೆ ಜಾರುವ ಕಾಯಿಲೆಗೆ ಇದು ಮದ್ದು. ಎದುರು ಪಾಠಕ್ಕಿಂತ ಸಾಮಾನ್ಯವಾಗಿ ಅಗ್ಗ. ಕೆಲಸದ ಪಾಳಿ ಬದಲಾಗುತ್ತಿರುವವರಿಗೆ, ಚಿಕ್ಕ ಮಕ್ಕಳಿರುವ ಮನೆಯವರಿಗೆ ರಾತ್ರಿ ಹನ್ನೊಂದಕ್ಕೂ ಪಾಠ ಸಿಗುತ್ತದೆ.

ಆದರೆ ಕೋರ್ಸಿಗೂ ಕಿವಿ ಇಲ್ಲ. ನನ್ನ ಎ ತಂತಿ ಗುನುಗುತ್ತಿದ್ದದ್ದು ಅದಕ್ಕೂ ಗೊತ್ತಾಗುತ್ತಿರಲಿಲ್ಲ. ನೀವು ನುಡಿಸಿದ್ದನ್ನು ಕಳಿಸಿದರೆ ನೋಡಿ ಉತ್ತರ ಕೊಡುವ ಕೋರ್ಸ್ ಇದ್ದರೆ ಅದನ್ನೇ ಆರಿಸಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಜೀವನಪೂರ್ತಿ ಚಂದಾ ಅಂತ ಒಂದೇ ಸಲ ಕಟ್ಟಬೇಡಿ. ಒಂದು ತಿಂಗಳಿನದ್ದು ತೆಗೆದುಕೊಂಡು ಎಷ್ಟು ಪಾಠ ಮುಗಿಸುತ್ತೀರಿ ನೋಡಿ. ನಾನು ಕೊಂಡ ಎರಡು ಕೋರ್ಸ್ ಇವತ್ತಿಗೂ ಮೂರನೇ ಪಾಠದಲ್ಲೇ ನಿಂತಿವೆ.

ಗುಂಪಿನ ಕ್ಲಾಸ್

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ಗಿಟಾರ್, ಒಂದು ಬೇಸ್ ಇರುವ ಕ್ಲಾಸಾದರೆ ಬೇಡ. ನಿಮ್ಮನ್ನು ಮೂಲೆಯಲ್ಲಿ ಕೂರಿಸಿ ಗಿಟಾರ್ ಪಾಠವನ್ನೇ ಕೆಳಗಿನ ಸ್ಥಾಯಿಯಲ್ಲಿ ನುಡಿಸಿಸುತ್ತಾರೆ. ಆದರೆ ಡ್ರಮ್ಸ್, ಕೀಬೋರ್ಡ್, ಹಾಡುವವರನ್ನು ಸೇರಿಸಿ ಬ್ಯಾಂಡ್ ಮಾಡಿಸುವ ಕ್ಲಾಸಿದ್ದರೆ ಬಿಡಬೇಡಿ. ಬೇಸ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಖರ್ಚೂ ಹಂಚಿಹೋಗುತ್ತದೆ. ಕೈ ತಿದ್ದಿಸಿಕೊಳ್ಳಲು ಮಾತ್ರ ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕು.

ಆನ್‌ಲೈನ್‌ನಲ್ಲಿ ಒಬ್ಬರಿಗೊಬ್ಬರು

ಹತ್ತಿರದಲ್ಲಿ ಬೇಸ್ ಹೇಳಿಕೊಡುವವರೇ ಇಲ್ಲದವರಿಗೆ ಇದು ವರ. ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ ಬೇಸ್) ಕಲಿಯಬೇಕು, ಜಾಜ್ ವಾಕಿಂಗ್ (ಬೀಟಿಗೊಂದು ಸ್ವರದಂತೆ ನಡೆಯುತ್ತಾ ಹೋಗುವ ಬೇಸ್ ಸಾಲು) ಕಲಿಯಬೇಕು ಅಂತ ಗುರಿ ಇದ್ದರೆ ಅದರಲ್ಲೇ ಪಳಗಿದವರು ಎಲ್ಲಿದ್ದರೂ ಸಿಗುತ್ತಾರೆ. ಓಡಾಟದ ಸಮಯವೂ ಉಳಿಯುತ್ತದೆ.

ಇದರಲ್ಲಿ ಎರಡು ಕಷ್ಟ ಇದೆ. ಒಂದು, ಜೊತೆಯಲ್ಲಿ ನುಡಿಸಲು ಆಗುವುದಿಲ್ಲ. ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟಿನ ಕಾಲು ಭಾಗ ಅಂದರೆ 125 ಮಿಲಿಸೆಕೆಂಡ್. ವಿಡಿಯೊ ಕರೆಯಲ್ಲಿ ಸುಲಭವಾಗಿ ಅಷ್ಟು ತಡವಾಗುತ್ತದೆ. ನೀವು ಬೀಟಿನ ಮೇಲೆ ಹೊಡೆದದ್ದು ಅವರಿಗೆ ತಡವಾಗಿ ಕೇಳುತ್ತದೆ, ಅವರದ್ದು ನಿಮಗೆ ಇನ್ನೂ ತಡ. ಹಾಗಾಗಿ ಮೆಟ್ರೊನೋಮ್ ಅಥವಾ ಡ್ರಮ್ ಟ್ರ್ಯಾಕ್ ನಿಮ್ಮ ಕಡೆಯೇ ಓಡಬೇಕು.

ಎರಡನೆಯದು ತಮಾಷೆಯಾಗಿದೆ. ಕರೆಯ ಆ್ಯಪ್‌ಗಳು ಮಾತಿಗಾಗಿ ಮಾಡಿದವು. ಒಂದೇ ಸಮನೆ ಬರುವ ತಗ್ಗು ಸದ್ದನ್ನು ಫ್ಯಾನಿನ ಸದ್ದು ಅಂದುಕೊಂಡು ಒರೆಸಿಹಾಕುತ್ತವೆ. ನೀವು ಉದ್ದಕ್ಕೆ ಹಿಡಿದ ಸ್ವರ ಆ ಕಡೆ ಅರ್ಧ ಸೆಕೆಂಡಿಗೆ ಮಾಯ. ಪಾಪ, ಮೇಷ್ಟ್ರು ‘ಸ್ವರ ಪೂರ್ತಿ ಹಿಡೀರಿ’ ಅಂತಾರೆ, ನೀವು ‘ಹಿಡಿದಿದ್ದೀನಲ್ಲ ಸರ್’ ಅಂತೀರಿ. ಜೂಮ್‌ನಲ್ಲಾದರೆ ಸಂಗೀತಗಾರರಿಗೆಂದೇ ‘ಒರಿಜಿನಲ್ ಸೌಂಡ್’ ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿ. ಆಂಪ್ ಮುಂದೆ ಫೋನ್ ಇಡುವ ಬದಲು ಆಡಿಯೊ ಇಂಟರ್‌ಫೇಸ್ ಮೂಲಕ ಬೇಸನ್ನು ನೇರವಾಗಿ ಕಂಪ್ಯೂಟರಿಗೆ ಕೊಡಿ. ಎರಡೂ ಕಡೆ ಹೆಡ್‌ಫೋನ್ ಇರಲಿ. ಕ್ಯಾಮೆರಾಕ್ಕೆ ನಿಮ್ಮ ಮುಖ ಬೇಡ, ಎರಡು ಕೈ ಕಾಣಲಿ. ಮೊದಲ ಪಾಠದಲ್ಲೇ ಇದನ್ನೆಲ್ಲ ಕೇಳಿ ಸರಿಮಾಡಿಸುವ ಮೇಷ್ಟ್ರಾದರೆ ಅವರಿಗೆ ಆನ್‌ಲೈನ್ ಅನುಭವ ಇದೆ ಅಂತ ತಿಳಿಯಿರಿ. ಸದ್ದು ಹೇಗಿದ್ದರೂ ‘ವೆರಿ ಗುಡ್’ ಅನ್ನುವವರಿಗೆ ನಿಮ್ಮ ಬೇಸ್ ಕೇಳಿಸುತ್ತಲೇ ಇಲ್ಲ.

ಎದುರಿಗೆ ಕೂತು ಕಲಿಯುವುದು

ಹೆಚ್ಚಾಗಿ ಎಲ್ಲಕ್ಕಿಂತ ದುಬಾರಿ ಇದೇ. ಮೊದಲ ಎರಡು ತಿಂಗಳಿಗೆ ಇದಕ್ಕೆ ಸಾಟಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಸ್ಟ್ರ್ಯಾಪ್ ಎಷ್ಟು ಉದ್ದ ಇರಬೇಕು, ಮೊಣಕೈ ಎಲ್ಲಿರಬೇಕು, ಎಷ್ಟು ಒತ್ತಬೇಕು ಅನ್ನುವುದು ಹೇಳಿದರೆ ತಿಳಿಯುವುದಲ್ಲ. ಮೇಷ್ಟ್ರು ನಿಮ್ಮ ಬೇಸನ್ನೇ ತೆಗೆದುಕೊಂಡು ನುಡಿಸಿ ನೋಡುತ್ತಾರೆ. ಅವರ ಕೈಯಲ್ಲೂ ತಂತಿ ಕಿರುಗುಟ್ಟಿದರೆ ತಪ್ಪು ವಾದ್ಯದ್ದು, ಇಲ್ಲದಿದ್ದರೆ ನಿಮ್ಮದು. ಈ ಒಂದು ಉತ್ತರಕ್ಕಾಗಿ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಇನ್ನೊಂದು ಲಾಭ, ಅವರು ಗಿಟಾರ್ ಹಿಡಿದು ಕಾರ್ಡ್ ನುಡಿಸುತ್ತಾರೆ, ನೀವು ಬೇಸ್ ನುಡಿಸುತ್ತೀರಿ. ಅವರು ಬೇಕೆಂದೇ ಸ್ವಲ್ಪ ಓಡುತ್ತಾರೆ, ನೀವು ಜಗ್ಗದೆ ನಿಲ್ಲಬೇಕು. ಬೇಸಿನವರ ಕೆಲಸವೇ ಅದು.

ಪ್ರತಿ ವಾರಕ್ಕೆ ಹಣ ಸಾಲದಿದ್ದರೆ ಬೇರೆ ರೀತಿ ಹಂಚಿಕೊಳ್ಳಿ. ಮೊದಲ ಆರೆಂಟು ಪಾಠ ವಾರಕ್ಕೊಂದು. ಕೈ ಒಂದು ಹದಕ್ಕೆ ಬಂದ ಮೇಲೆ ತಿಂಗಳಿಗೊಂದು, ಆ ನಡುವೆ ಕೋರ್ಸೋ ವಿಡಿಯೊನೋ ನಿಮ್ಮಿಷ್ಟ. ಕೆಲಸಕ್ಕೆ ಹೋಗುವ ದೊಡ್ಡವರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಈಗಾಗಲೇ ವರ್ಷಗಟ್ಟಲೆ ನುಡಿಸಿದವರಂತೂ ಎರಡೇ ಪಾಠಕ್ಕೆ ಹೋದರೂ ಸಾಕಷ್ಟು ಸಿಗುತ್ತದೆ. ‘ಏನು ಸರಿಯಿಲ್ಲ ಹೇಳಿ’ ಅಂತ ನೇರವಾಗಿ ಕೇಳಿ. ಬಹಳ ಮೇಷ್ಟ್ರುಗಳಿಗೆ ಇಂಥ ಶಿಷ್ಯರು ಇಷ್ಟವೇ. ಚಿಕ್ಕ ಮಕ್ಕಳಿಗೆ ಮಾತ್ರ ಈ ತಿಂಗಳಿಗೊಂದರ ಲೆಕ್ಕ ಬೇಡ, ಅವರಿಗೆ ವಾರಕ್ಕೊಂದು, ಅರ್ಧ ಗಂಟೆ. 34 ಇಂಚಿನ ಬೇಸ್ ಹೊರಿಸುವುದೂ ಬೇಡ. 30 ಇಂಚಿನ ಶಾರ್ಟ್ ಸ್ಕೇಲ್ ಸಿಗುತ್ತದೆ.

ಗಿಟಾರ್ ಮೇಷ್ಟ್ರಾದರೆ ಆಗುತ್ತಾ?

ಬೇಸ್ ಹೇಳಿಕೊಡುವವರಿಗಿಂತ ಗಿಟಾರ್ ಹೇಳಿಕೊಡುವವರು ಎಲ್ಲೆಡೆ ಜಾಸ್ತಿ. ಹಾಗಾಗಿ ಈ ಪ್ರಶ್ನೆ ಬಂದೇ ಬರುತ್ತದೆ. ಸ್ವರಗಳ ಹೆಸರು, ಕಾರ್ಡ್ ಹೇಗೆ ಕಟ್ಟುತ್ತದೆ, ತಾಳದ ಲೆಕ್ಕ, ಇವನ್ನೆಲ್ಲ ಒಳ್ಳೆಯ ಗಿಟಾರ್ ಮೇಷ್ಟ್ರು ಚೆನ್ನಾಗೇ ಹೇಳಿಕೊಡುತ್ತಾರೆ. ಬೇಸ್‌ನ ನಾಲ್ಕು ತಂತಿ ಗಿಟಾರ್‌ನ ನಾಲ್ಕು ದಪ್ಪ ತಂತಿಗಳ ಸ್ವರಗಳೇ, ಒಂದು ಸ್ಥಾಯಿ ಕೆಳಗೆ ಅಷ್ಟೇ.

ಕೈಯ ವಿಷಯ ಬಂದಾಗ ದಾರಿ ಬೇರೆಯಾಗುತ್ತದೆ. ಬೇಸ್‌ನ ಮೊದಲ ಫ್ರೆಟ್ ಸುಮಾರು 4.8 ಸೆಂಟಿಮೀಟರ್ ಅಗಲ, ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ನದು 3.6 ಆಸುಪಾಸು. ಗಿಟಾರಿನಂತೆ ಒಂದೊಂದು ಫ್ರೆಟ್‌ಗೆ ಒಂದೊಂದು ಬೆರಳು ಅಂತ ಅಲ್ಲಿ ಚಾಚಿದರೆ ಕೈ ಸೆಟೆದುಕೊಳ್ಳುತ್ತದೆ. ಡಬಲ್ ಬೇಸಿನಿಂದ ಬಂದ ಒಂದು ಕ್ರಮ ಇದೆ. ತೋರುಬೆರಳು, ನಡುಬೆರಳು, ಕಿರುಬೆರಳು ಮೂರರಲ್ಲಿ ಮೂರು ಫ್ರೆಟ್. ಉಂಗುರಬೆರಳು ಕಿರುಬೆರಳಿಗೆ ಆಸರೆ. ಇದು ಗೊತ್ತಿಲ್ಲದವರು ‘ಅಭ್ಯಾಸ ಮಾಡಿ, ಚಾಚುತ್ತೆ’ ಅಂತಾರೆ. ಜೊತೆಗೆ ಎರಡು ಬೆರಳಿನಿಂದ ಮೀಟುವುದು, ಮ್ಯೂಟಿಂಗ್, ಸ್ವರವನ್ನು ಎಲ್ಲಿ ನಿಲ್ಲಿಸಬೇಕು, ಕಿಕ್ ಡ್ರಮ್ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್) ಜೊತೆ ಹೇಗೆ ಕೂರಬೇಕು, ಇವು ಗಿಟಾರಿನವರ ದಿನನಿತ್ಯದ ಚಿಂತೆಗಳಲ್ಲ. ಪಿಕ್‌ನಲ್ಲಿ (ತಂತಿ ಮೀಟುವ ಪುಟ್ಟ ಬಿಲ್ಲೆಯಲ್ಲಿ) ನುಡಿಸುವುದು ತಪ್ಪು ಅಂತಲ್ಲ. ಗಿಟಾರ್‌ನಿಂದ ಬಂದ ಕ್ಯಾರಲ್ ಕೇ ಪಿಕ್‌ನಲ್ಲೇ ನುಡಿಸಿ ಅಮೆರಿಕದ ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ಬೇಸ್ ಕೊಟ್ಟರು. ಆದರೆ ಮೇಷ್ಟ್ರಿಗೆ ಪಿಕ್ ಬಿಟ್ಟು ಬೇರೆ ಬರುವುದಿಲ್ಲ ಅನ್ನುವ ಕಾರಣಕ್ಕೆ ನೀವೂ ಅದನ್ನೇ ಹಿಡಿಯುವಂತಾಗಬಾರದು.

ಒಂದು ಸುಲಭದ ಪ್ರಶ್ನೆ ಕೇಳಿ: ‘ನೀವು ಬ್ಯಾಂಡಿನಲ್ಲಿ ಬೇಸ್ ನುಡಿಸಿದ್ದೀರಾ?’ ಹೌದು ಅಂದರೆ ಒಮ್ಮೆ ಪ್ರಯತ್ನಿಸಬಹುದು. ಡಬಲ್ ಬೇಸ್ ಮೇಷ್ಟ್ರು ಸಿಕ್ಕರೆ ಇನ್ನೂ ಒಳ್ಳೆಯದು. ಎಡಗೈ, ಓದು, ವಾಕಿಂಗ್ ಮೂರೂ ಗಟ್ಟಿಯಾಗುತ್ತವೆ. ಸ್ಲ್ಯಾಪ್ ಬೇಕೆನ್ನುವವರು ಮಾತ್ರ ಬೇರೆ ಕಡೆ ನೋಡಬೇಕು.

ಹುಡುಕುವುದು ಎಲ್ಲಿ, ಕೇಳುವುದು ಏನು

ಜಾಹೀರಾತಿಗಿಂತ ಡ್ರಮ್ಮರ್‌ಗಳನ್ನು ನಂಬಿ. ಯಾರ ಜೊತೆ ನುಡಿಸಿದರೆ ನೆಮ್ಮದಿ ಅಂತ ಅವರಿಗೆ ಗೊತ್ತಿರುತ್ತದೆ. ವಾದ್ಯ ರಿಪೇರಿ ಮಾಡುವವರನ್ನು ಕೇಳಿ, ಎಲ್ಲ ಬೇಸಿನವರೂ ಅವರ ಹತ್ತಿರ ಬಂದೇ ಬರುತ್ತಾರೆ. ಲೈವ್ ಕಾರ್ಯಕ್ರಮಕ್ಕೆ ಹೋಗಿ, ಮುಗಿದ ಮೇಲೆ ಬೇಸ್ ನುಡಿಸಿದವರನ್ನು ಮಾತಾಡಿಸಿ. ಸಾಮಾನು ಕಟ್ಟುವಾಗ ಬೇಡ, ಕಟ್ಟಿ ಮುಗಿಸಲಿ. ಅವರು ಪಾಠ ಮಾಡದಿದ್ದರೂ ಮಾಡುವವರ ಹೆಸರು ಹೇಳುತ್ತಾರೆ. ಚೆನ್ನಾಗಿ ನುಡಿಸುವವರೆಲ್ಲ ಚೆನ್ನಾಗಿ ಹೇಳಿಕೊಡುತ್ತಾರೆ ಅಂತ ಮಾತ್ರ ಅಂದುಕೊಳ್ಳಬೇಡಿ. ಎಷ್ಟೋ ಜನಕ್ಕೆ ತಾವು ಅದನ್ನು ಹೇಗೆ ಮಾಡುತ್ತೇವೆ ಅಂತಲೇ ಗೊತ್ತಿರುವುದಿಲ್ಲ.

ಫೋನಿನಲ್ಲಿ ಫೀಸು, ಸಮಯ, ಪಾಠ ತಪ್ಪಿದರೆ ಏನು ಲೆಕ್ಕ ಅಂತ ಕೇಳಿಕೊಳ್ಳಿ. ಆಮೇಲೆ ‘ಮೊದಲ ತಿಂಗಳು ಏನು ಮಾಡಿಸ್ತೀರಿ?’ ಅಂತ ಕೇಳಿ. ತಕ್ಷಣ ಪಟ್ಟಿ ಒಪ್ಪಿಸುವವರಿಗಿಂತ ‘ನೀವು ಯಾವ ಥರದ ಸಂಗೀತ ಕೇಳ್ತೀರಿ, ಎಷ್ಟು ದಿನದಿಂದ ನುಡಿಸ್ತಿದ್ದೀರಿ?’ ಅಂತ ತಿರುಗಿ ಕೇಳುವವರು ಮೇಲು. ಗ್ರೇಡ್ ಪರೀಕ್ಷೆ ಬೇಕಿದ್ದರೆ ಅದನ್ನೂ ಆಗಲೇ ಹೇಳಿ. ಸಂಗೀತ ಪರೀಕ್ಷೆ ನಡೆಸುವ ರಾಕ್‌ಸ್ಕೂಲ್, ಟ್ರಿನಿಟಿ ಎರಡು ಸಂಸ್ಥೆಗಳಲ್ಲೂ ಬೇಸಿಗೆ 8ನೇ ಗ್ರೇಡ್‌ವರೆಗೆ ಪರೀಕ್ಷೆ ಇದೆ. ಗುರಿ ಇಲ್ಲದೆ ಕೈ ಓಡದವರಿಗೆ, ಶಾಲಾ ಮಕ್ಕಳಿಗೆ ಒಳ್ಳೆಯದೇ. ಅದೇ ಮೂರು ಹಾಡನ್ನು ವರ್ಷವಿಡೀ ಉಜ್ಜುವಂತಾದರೆ ಮಾತ್ರ ಸರ್ಟಿಫಿಕೇಟ್ ಬರುತ್ತದೆ, ಬೇಸ್ ಬರುವುದಿಲ್ಲ.

ಒಂದು ಪಾಠ ನೋಡದೆ ತಿಂಗಳ ಫೀಸು ಕಟ್ಟಬೇಡಿ. ವರ್ಷದ್ದಂತೂ ಬೇಡವೇ ಬೇಡ. ನಾನು ಒಂದು ಕಡೆ ಮೂರು ತಿಂಗಳಿನದ್ದು ಮೊದಲೇ ಕಟ್ಟಿ ಕೈಸುಟ್ಟುಕೊಂಡೆ. ಆ ಮೇಷ್ಟ್ರು ಪ್ರತಿ ವಾರ ಒಂದು ಸ್ಕೇಲ್ ಹಾಳೆ ಕೊಟ್ಟು ‘ನುಡಿಸ್ತಾ ಇರಿ’ ಅಂತ ಹೇಳಿ ಫೋನ್ ನೋಡುತ್ತಾ ಕೂರುತ್ತಿದ್ದರು. ಒಂದು ದಿನ ಬೇಕೆಂದೇ ತಪ್ಪು ಸ್ವರ ನುಡಿಸಿದೆ. ತಲೆ ಎತ್ತಲಿಲ್ಲ. ಇನ್ನೊಂದು ನುಡಿಸಿದೆ. ‘ಗುಡ್’ ಅಂದರು.

ಆ ಮೊದಲ ಪಾಠದಲ್ಲಿ ನೋಡಬೇಕಾದ್ದು ಇಷ್ಟು. ಹತ್ತು ನಿಮಿಷದೊಳಗೆ ನಿಮ್ಮಿಂದ ನುಡಿಸಿಸಿದರಾ, ಇಲ್ಲ ಅವರೇ ವೇಗದ ಸ್ಲ್ಯಾಪ್ ನುಡಿಸಿ ತೋರಿಸುತ್ತಾ ಕೂತರಾ? ಹತ್ತು ತಪ್ಪು ಕಂಡರೂ ಒಂದೋ ಎರಡೋ ಹಿಡಿದು ತಿದ್ದಿಸಿದರಾ? ಯಾಕೆ ಅಂತ ಕೇಳಿದಾಗ ಕಾರಣ ಹೇಳಿದರಾ? ಪಾಠ ರೆಕಾರ್ಡ್ ಮಾಡಿಕೊಳ್ಳಲು ಬಿಟ್ಟರಾ? ಮನೆಗೆ ಬಂದು ಬೇಸ್ ಹಿಡಿದಾಗ ಏನು ಮಾಡಬೇಕು ಅಂತ ಸ್ಪಷ್ಟವಾಗಿ ಗೊತ್ತಿದೆಯಾ? ನಿಮಗಿಷ್ಟದ ಸಂಗೀತವನ್ನು ಆಡಿಕೊಂಡರೆ ಉಳಿದಿದ್ದೆಲ್ಲ ಚೆನ್ನಾಗಿದ್ದರೂ ಬೇಡ. ವಾರಾವಾರ ಅಲ್ಲಿಗೆ ಹೋಗಲು ನಿಮಗೆ ಮನಸ್ಸಾಗುವುದಿಲ್ಲ.

ಸೇರಿದ ಮೇಲೆ ಮೂರು ತಿಂಗಳಿಗೊಮ್ಮೆ ಹಳೆಯ ರೆಕಾರ್ಡಿಂಗ್ ಮತ್ತು ಹೊಸದನ್ನು ಪಕ್ಕಪಕ್ಕ ಕೇಳಿ. ದಿನಾ ಅಭ್ಯಾಸ ಮಾಡಿಯೂ ಎರಡೂ ಒಂದೇ ಥರ ಇದ್ದರೆ ಮೇಷ್ಟ್ರ ಜೊತೆ ಮಾತಾಡಿ. ಆಮೇಲೂ ಹಾಗೇ ಇದ್ದರೆ ಧನ್ಯವಾದ ಹೇಳಿ ಹೊರಡಿ. ಇದರಲ್ಲಿ ಸಂಕೋಚ ಬೇಡ. ಅವರಿಗೂ ಇದು ಹೊಸದಲ್ಲ.

ಶುರುವಿನಲ್ಲಿ ಮಾಡಿದಿರಲ್ಲ, ಎರಡು ನಿಮಿಷದ ರೆಕಾರ್ಡಿಂಗ್, ಅದನ್ನು ಅಳಿಸಬೇಡಿ. ಮೊದಲ ಪಾಠಕ್ಕೆ ಹೋದಾಗ ಮೇಷ್ಟ್ರಿಗೆ ಕೇಳಿಸಿ. ಪೂರ್ತಿ ಕೇಳಿ ‘ಚೆನ್ನಾಗಿದೆ’ ಅಂದರೆ ಇನ್ನೊಬ್ಬರನ್ನು ಹುಡುಕಿ. ಹದಿನೈದು ಸೆಕೆಂಡಿಗೇ ನಿಲ್ಲಿಸಿ, ‘ಬೇಸ್ ತೆಗೀರಿ, ಇದೊಂದು ಜಾಗ ನುಡಿಸಿ ನೋಡೋಣ’ ಅಂದರೆ ಸೇರಿಕೊಳ್ಳಿ.